ಅಂಗಶೋಧದ ಪೂರ್ವೋತ್ತರ

ಒಬ್ಬರ ಮೈಮೇಲಿನ ಬಟ್ಟೆಯನ್ನು ಮುಟ್ಟಿ, ಉಡಿ ಸೊಂಟಗಳನ್ನು ತಡವಿ, ಅಡಗಿಸಿಟ್ಟ ವಸ್ತುವನ್ನು ಹುಡುಕುವ ಕಾರ್ಯಕ್ಕೆ ಗ್ರಂಥಭಾಷೆಯಲ್ಲಿ ಅಂಗಶೋಧವೆಂದು ಹೆಸರು. ಜಮಖಂಡಿ ಮುಧೋಳಗಳ ಸೀಮೆಯಲ್ಲಿ ನಮ್ಮ ಹಿರಿಯರು ಇದನ್ನು ಝಡತಿಯೆಂದೇ ಕರೆಯುತ್ತಿದ್ದರು. ಆ ಮಾತು ಮರಾಠಿಯದು. ಪಟವರ್ಧನರ, ಘೋರ್ಪಡೆಯವರ ಸಂಸ್ಥಾನದ ಕಚೇರಿಗಳಿಂದ ಇಳಿದುಬಂದು ಓಣಿಯ ಮಾತಾಗಿ ನಿಂತಿತು. ಆಯುಧಗಳನ್ನು ಸರಕಾರದ ವಶಕ್ಕೆ ಒಪ್ಪಿಸಬೇಕೆಂಬ ಇಂಗ್ರಜರ ಆಜ್ಞೆಗೆ 1857ರಲ್ಲಿ ಹಲಗಲಿಯ ಬೇಡರು ತಲೆಬಾಗದೆ ಹೋದದ್ದರಿಂದ ಊರು ಸುಟ್ಟು, 19 ಜನರು ಗಲ್ಲಿಗೇರಿದ ಕಥೆಯನ್ನು ಲಾವಣಿಯಲ್ಲಿ ಕೇಳಿ ಬೆಳೆದವರು ನಾವು. ಸರಕಾರದ ಕೈಯು ಮನೆಯೊಳಗೆ ಬಂದು ಮೈಯವರೆಗೆ ಚಾಚುವದೆಂದರೇನೆಂಬದನ್ನು ಈ ಸೀಮೆಯವರಿಗೆ ಹೊಸದಾಗಿ ತಿಳಿಸಬೇಕಾದದ್ದಿಲ್ಲ.

ಈ ವಿಷಯವನ್ನು ಈಗ ಎತ್ತಿಕೊಳ್ಳಲಿಕ್ಕೆ ಕಾರಣವುಂಟು. 2021ನೆಯ ಇಸವಿಯ ಜುಲೈ ತಿಂಗಳಲ್ಲಿ ಕರ್ನಾಟಕ ಸರಕಾರವು ತನ್ನ ನೌಕರಿಯ ನೇಮಕಾತಿಯ ನಿಯಮಗಳನ್ನು ತಿದ್ದಿ, ತೃತೀಯಲಿಂಗಿಗಳಿಗಾಗಿ ನೂರಕ್ಕೊಂದು ಸ್ಥಾನವನ್ನು ತೆಗೆದಿಟ್ಟಿತು. ಅದೇ ವರ್ಷದ ಕೊನೆಗೆ ರಾಜ್ಯ ಮೀಸಲು ಪೋಲೀಸ ಪಡೆಯ 70 ಸಬ್-ಇನ್‌ಸ್ಪೆಕ್ಟರ ಹುದ್ದೆಗಳಿಗೆ ಅರ್ಜಿ ಕರೆದಾಗ ಅವರೂ ಅರ್ಜಿ ಹಾಕಬಹುದೆಂದು ಪ್ರಕಟಿಸಿತು. ನಮ್ಮ ಸಂಘದ ಸಂಜೆಯ ಕೂಟದಲ್ಲಿ ಈ ಮಾತು ಬಂದಾಗ ವಕೀಲರೊಬ್ಬರು ನನ್ನ ಕಡೆಗೆ ತಿರುಗಿ ಕೇಳಿದರು: “ಮಾಸ್ತರರೇ, ನಾಳೆ ಅಂಥವರೊಬ್ಬರು ಖಾಕಿ ತೊಟ್ಟು ಠಾಣೆಯಲ್ಲಿ ನಿಂತರೆಂದು ತಿಳಿಯಿರಿ. ಹೆಂಗಸಿನ ಝಡತಿಯನ್ನು ಹೆಂಗಸೇ ಮಾಡಬೇಕೆಂದು ಕಾಯದೆ. ಇವರು ಯಾರ ಝಡತಿ ಮಾಡಬೇಕು? ಅವರ ಪಂಗಡದವರನ್ನೇ ಹಿಡಿದು ತಂದರೆ ಆ ಝಡತಿಯನ್ನು ಯಾರು ಮಾಡಬೇಕು? ನಿಮ್ಮ ಸಂಸ್ಕೃತದಲ್ಲಿ ಇದಕ್ಕೇನಾದರೂ ಉತ್ತರವುಂಟೋ?” ಕೂಡಿದವರೆಲ್ಲರೂ ನಕ್ಕರು. ನಾನೂ ನಕ್ಕೆನು. ಮನೆಗೆ ಬಂದ ಮೇಲೆ ನಕ್ಕದ್ದು ತಪ್ಪಾಯಿತೆನ್ನಿಸಿತು. ಅದರ ಕಾರಣವನ್ನು ಮುಂದೆ ಹೇಳುವೆನು.

ಮೊದಲು ಸಂಸ್ಕೃತದ ಮಾತು. ಅಂಗಶೋಧದ ಅತ್ಯಂತ ಹಳೆಯ ಪ್ರಸಂಗಗಳಲ್ಲೊಂದು ಮಹಾಭಾರತದ ವಿರಾಟಪರ್ವದಲ್ಲಿದೆ. (ಮುಧೋಳದವರು ತಮ್ಮೂರಿನ ರನ್ನನ ಗದಾಯುದ್ಧವನ್ನು ಬಿಟ್ಟು ಬೃಹನ್ನಳೆಯ ಗೊಡವೆಯೇಕೆಂದು ಕೇಳಿಯಾರು, ಪ್ರಸಂಗವು ಅಲ್ಲಿರುವದರಿಂದ ನಿರುಪಾಯ.) ಅರ್ಜುನನು ಬಳೆ ತೊಟ್ಟು, ಹೆರಳು ಬಿಟ್ಟು, ನೃತ್ಯ ಕಲಿಸುವೆನೆಂದು ವಿರಾಟನ ಸಭೆಗೆ ಬಂದನು. ರಾಜನು ಮಂತ್ರಿಗಳೊಡನೆ ಆಲೋಚಿಸಿ, ಸ್ತ್ರೀಯರಿಂದ ಅವನನ್ನು ಪರೀಕ್ಷೆ ಮಾಡಿಸಿ, ಪುಂಸ್ತ್ವವಿಲ್ಲವೆಂದು ಖಚಿತವಾದ ಮೇಲೆಯೇ ಕನ್ಯಾಂತಃಪುರದ ಬಾಗಿಲನ್ನು ತೆರೆಸಿದನು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಬಂದವರು ಹೆಂಗಸಲ್ಲ, ಗಂಡಸೂ ಅಲ್ಲವೆಂದು ತೋರಿದಾಗ ವಿರಾಟನು ಪರೀಕ್ಷೆಯನ್ನು ಗಂಡಸರಿಗೆ ಒಪ್ಪಿಸಲಿಲ್ಲ. ಒಳಗಿದ್ದ ಕನ್ಯೆಯರ ಹಿತವೇ ಆ ಪರೀಕ್ಷೆಯ ಉದ್ದೇಶ. ಆದ್ದರಿಂದ ಅವರು ನಂಬತಕ್ಕ ಹೆಂಗಸರಿಂದಲೇ ಅದನ್ನು ಮಾಡಿಸಿದನು.

ಕೌಟಿಲ್ಯನು ಇನ್ನೂ ಮುಂದೆ ಹೋದನು. ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ರಾಜನ ಆತ್ಮರಕ್ಷಣೆಯ ಕ್ರಮವನ್ನು ಹೇಳುವಾಗ, ರಾಜನು ಹಾಸಿಗೆಯಿಂದೆದ್ದ ಕೂಡಲೆ ಬಿಲ್ಲು ಹಿಡಿದ ಸ್ತ್ರೀಯರು ಅವನನ್ನು ಸುತ್ತುಗಟ್ಟಬೇಕೆನ್ನುತ್ತಾನೆ. ಎರಡನೆಯ ತೊಟ್ಟಿಯಲ್ಲಿ ಕಂಚುಕಿಗಳೊಡನೆ ವರ್ಷವರರು ನಿಲ್ಲಬೇಕು. ನಾಲ್ಕನೆಯದಕ್ಕೆ ಬಂದಾಗಲೇ ಮಂತ್ರಿಗಳೂ ಈಟಿ ಹಿಡಿದ ದ್ವಾರಪಾಲಕರೂ ಕಾಣುತ್ತಾರೆ. ವರ್ಷವರರೆಂದರೆ ಅಂತಃಪುರದ ನಪುಂಸಕ ಕಾವಲುಗಾರರು. ಅಂದಮೇಲೆ ತೃತೀಯ ಪ್ರಕೃತಿಯವರನ್ನು ಕಾವಲಿನ ಕೆಲಸಕ್ಕೆ ನೇಮಿಸುವದು ಈಗಿನ ಸರಕಾರದ ಹೊಸ ಕಲ್ಪನೆಯೆಂದು ಯಾರೂ ಹೇಳುವಂತಿಲ್ಲ. ಆದರೆ ಅವರ ಮೇಲಿನ ಗೌರವದಿಂದ ಅರಸರು ಹಾಗೆ ಮಾಡಿದರೆಂದು ನಾನು ಹೇಳಲಾರೆನು. ಅರಮನೆಗೆ ಅವರಿಂದ ಅನುಕೂಲವಿತ್ತು, ಇಟ್ಟುಕೊಂಡರು. ಅವರ ಮೈಗೂ ಒಂದು ಮಾನವುಂಟೆಂದು ಚಿಂತಿಸಿದ ವಾಕ್ಯವು ಅಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು ಇಂಗ್ರಜರ ಕಾಲಕ್ಕೆ ಬರೋಣ. 1898ರ ಫೌಜದಾರಿ ಕಾರ್ಯವಿಧಾನದ ಕಾಯದೆಯ 52ನೆಯ ಕಲಮಿನಲ್ಲಿ, ಹೆಂಗಸಿನ ಶೋಧವನ್ನು ಮಾಡಬೇಕಾದಾಗ ಮತ್ತೊಬ್ಬ ಹೆಂಗಸೇ ಮಾಡಬೇಕು, ಸಭ್ಯತೆಯನ್ನು ಕಟ್ಟುನಿಟ್ಟಾಗಿ ಕಾಯಬೇಕು ಎಂದಿತ್ತು. 1973ರ ಸಂಹಿತೆಯಲ್ಲಿಯೂ ಆ ಮಾತು ಉಳಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 49ನೆಯ ಕಲಮಿನಲ್ಲಿಯೂ ಅದೇ ಇದೆ. ಇಷ್ಟು ದೀರ್ಘಾಯುಷ್ಯವುಳ್ಳ ವಾಕ್ಯಗಳು ನಮ್ಮ ಕಾಯದೆಯಲ್ಲಿ ಅಪರೂಪ. ಅದರಲ್ಲಿ ಎರಡು ಭಾಗಗಳಿವೆಯೆಂಬದನ್ನು ವಾಚಕರು ಮರೆಯಬಾರದು. ಮುಟ್ಟುವವರು ಯಾರೆಂಬದು ಒಂದು, ಹೇಗೆ ಮುಟ್ಟಬೇಕೆಂಬದು ಇನ್ನೊಂದು. ಮೊದಲನೆಯದರ ಮೇಲೆ ನಾವು ವಾದ ಮಾಡುತ್ತೇವೆ; ಎರಡನೆಯದನ್ನು ಓದಿ ದಾಟಿಬಿಡುತ್ತೇವೆ.

“ಮತ್ತೊಬ್ಬ ಹೆಂಗಸು” ಎಂದಿತ್ತೇ ಹೊರತು ಹೆಂಗಸು ಪೋಲೀಸ ಎಂದಿರಲಿಲ್ಲ. ಆಗ ನಮ್ಮ ಸೀಮೆಯ ಠಾಣೆಗಳಲ್ಲಿ ಅಂಥವರು ಎಲ್ಲಿದ್ದರು? ಹೆಂಗಸರೇ ನಡೆಯಿಸುವ ದೇಶದ ಮೊದಲನೆಯ ಠಾಣೆಯು ಕಲ್ಲಿಕೋಟೆಯಲ್ಲಿ ತೆರೆದದ್ದು 1973ರಲ್ಲಿ. ಅಲ್ಲಿಯವರೆಗೆ ಊರೊಳಗಿನ ಯಾವಳಾದರೊಬ್ಬಳನ್ನು ಕರೆಯಿಸಿ ಕೆಲಸ ಸಾಗಿಸುವದೇ ರೂಢಿಯಾಗಿತ್ತು. ಇದಕ್ಕೆ ನಮ್ಮ ಮನೆಯದೇ ಒಂದು ದೃಷ್ಟಾಂತ.

ಜಮಖಂಡಿ ಮುಧೋಳಗಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಇಲಾಖೆಯಲ್ಲಿ ಲೀನವಾದವು. ಬೀಳಗಿಯು ಮೊದಲಿನಿಂದಲೂ ಆ ಇಲಾಖೆಯ ವಿಜಾಪುರ ಜಿಲ್ಲೆಯಲ್ಲಿಯೇ ಇತ್ತು. 1956ರ ವರೆಗೆ ನಾವು ಮುಂಬಯಿಯವರು. 1949ರ ಮುಂಬಯಿಯ ದಾರೂಬಂದಿ ಕಾಯದೆಯು ಬಂದಾಗ ಕಳ್ಳಭಟ್ಟಿಯ ಸಲುವಾಗಿ ಮನೆಮನೆಯ ಝಡತಿಗಳು ನಡೆದವು. ಆಗ ನಮ್ಮ ಅಜ್ಜಿಯು ಬನಹಟ್ಟಿಯ ನೇಕಾರರ ಓಣಿಯಲ್ಲಿದ್ದಳು. ಒಂದು ದಿನ ಮಗ್ಗಗಳು ನಡೆದಿದ್ದ ಹೊತ್ತಿನಲ್ಲಿ ಫೌಜದಾರನು ಪಂಚರನ್ನು ಕರೆದುಕೊಂಡು ಬಂದನು. ಸೀರೆಯೊಳಗೆ ಬಾಟಲಿ ಮುಚ್ಚಿಟ್ಟಿದ್ದಾರೆಂದು ಯಾರೋ ಚಾಡಿ ಹೇಳಿದ್ದರಂತೆ. ಹೆಂಗಸರನ್ನು ಶೋಧಿಸಲು ಅವನ ಸಂಗಡ ಹೆಂಗಸಿರಲಿಲ್ಲ. ತಳವಾರನನ್ನು ಕಳಿಸಿ ಊರ ಸೂಲಗಿತ್ತಿಯನ್ನು ಕರೆತರಿಸಿದನು. ಆಕೆಯು ಮಗ್ಗದ ಕೋಣೆಯ ಕದ ಹಾಕಿಕೊಂಡು ಒಬ್ಬೊಬ್ಬರನ್ನೇ ನೋಡಿ ಏನೂ ಇಲ್ಲವೆಂದು ಹೇಳಿದಳು. ಅಜ್ಜಿಯು ಈ ಕಥೆಯನ್ನು ಹೇಳುವಾಗ, “ನನ್ನ ಮೂರೂ ಬಾಣಂತನಾ ಮಾಡಿದ ಕೈ ಅದು, ನನಗೇನೂ ಅನಸಲಿಲ್ಲ. ಆದರ ಬಾಜೂಮನಿ ಹೊಸ ಸೊಸಿ ಎಂಟು ದಿನಾ ನೀರಿಗೆ ಹೊರಗ ಬರಲಿಲ್ಲ” ಎನ್ನುತ್ತಿದ್ದಳು. ಆ ಸೊಸೆಯು ಬೇರೆ ಊರಿನಿಂದ ಬಂದವಳು. ಸೂಲಗಿತ್ತಿಯು ಅವಳಿಗೆ ಗುರುತಿನವಳಲ್ಲ. ಒಂದೇ ಕೋಣೆ, ಒಂದೇ ಕೈ, ಮಾಡಿದ ಕೆಲಸವೂ ಒಂದೇ. ಕಾಯದೆಯ ಲೆಕ್ಕದಲ್ಲಿ ಇಬ್ಬರ ಶೋಧವೂ ಶುದ್ಧವಾಗಿತ್ತು. ಆದರೆ ಒಬ್ಬಳಿಗೆ ಮಾನವುಳಿಯಿತು, ಇನ್ನೊಬ್ಬಳಿಗೆ ಹೋಯಿತು. ನನ್ನ ವಿಚಾರವೆಲ್ಲವೂ ಈ ಕಥೆಯಿಂದಲೇ ಹುಟ್ಟಿತು.

ಇದೇ ಇಂಗ್ರಜರ ಸರಕಾರವು ಹೆಂಗಸರ ಸಭ್ಯತೆಯನ್ನು ಕಾಯುವ ಕಲಮನ್ನು ಬರೆಯುವದಕ್ಕೆ ಮುಂಚೆಯೇ ತೃತೀಯ ಪ್ರಕೃತಿಯವರಿಗಾಗಿ ಬೇರೊಂದು ಕಾಯದೆಯನ್ನು ಮಾಡಿತ್ತು. 1871ರ ಅಪರಾಧಿ ಜಾತಿಗಳ ಕಾಯದೆಯ ಎರಡನೆಯ ಭಾಗವು ಅವರದೇ. ಉತ್ತರ ಹಿಂದುಸ್ಥಾನದಲ್ಲಿ ಸಂಶಯಾಸ್ಪದರೆಂದು ತೋರಿದ ನಪುಂಸಕರ ಹೆಸರನ್ನು ವಹಿಯಲ್ಲಿ ದಾಖಲು ಮಾಡಿಕೊಳ್ಳಬೇಕು; ಹೀಗೆ ದಾಖಲಾದವರು ಸೀರೆಯುಟ್ಟು ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಬಹುದು; ಎರಡು ವರುಷದ ವರೆಗೆ ಸೆರೆ. ಪ್ರಯಾಗದ ಹಾಯಕೋರ್ಟಿನಲ್ಲಿ 1884ರಲ್ಲಿ ತೀರ್ಮಾನವಾದ ಖೈರಾತಿಯ ಖಟ್ಲೆಯು ಆ ಕಾಲದ ಮನೋಭಾವವನ್ನು ಚೆನ್ನಾಗಿ ತೋರಿಸುತ್ತದೆ. ಖೈರಾತಿಯು ಮುರಾದಾಬಾದದ ಸೀಮೆಯವರು. ಹೆಂಗಸಿನ ಉಡಿಗೆಯಲ್ಲಿ ಹೆಂಗಸರ ನಡುವೆ ಕೂತು ಹಾಡುತ್ತಿದ್ದರೆಂಬದೇ ಸಂಶಯಕ್ಕೆ ಮೂಲ. ಪೋಲೀಸರು ಹಿಡಿದು ಸರಕಾರಿ ವೈದ್ಯನಿಂದ ಮೈಯ ಪರೀಕ್ಷೆ ಮಾಡಿಸಿದರು. ಆ ಪರೀಕ್ಷೆಯ ಬಲದಿಂದಲೇ ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು. ಎಂದು, ಎಲ್ಲಿ, ಯಾರೊಡನೆ ಅಪರಾಧ ನಡೆಯಿತೆಂಬದಕ್ಕೆ ಪುರಾವೆಯೇ ಇಲ್ಲವೆಂದು ಹಾಯಕೋರ್ಟು ಬಿಡುಗಡೆ ಮಾಡಿತು. ಇಲ್ಲಿ ಅಡಗಿಸಿಟ್ಟ ವಸ್ತುವೊಂದನ್ನು ಯಾರೂ ಹುಡುಕಲಿಲ್ಲ. ಶೋಧಕ್ಕೆ ಒಳಗಾದ ಮೈಯೇ ಅಪರಾಧದ ವಸ್ತುವಾಯಿತು.

1911ರಲ್ಲಿ ಆ ಕಾಯದೆಯನ್ನು ಹೊಸದಾಗಿ ಬರೆದಾಗ ನಪುಂಸಕರ ಭಾಗವನ್ನು ಕೈಬಿಟ್ಟರು. ಆದರೆ ರಾಯಚೂರು ಕಲಬುರ್ಗಿಗಳನ್ನು ಆಳುತ್ತಿದ್ದ ಹೈದರಾಬಾದ ಸಂಸ್ಥಾನವು 1919ರಲ್ಲಿ ಅಂಥದೇ ಕಾಯದೆಯನ್ನು ಮಾಡಿತು. ತೆಲಂಗಾಣದ ಹಾಯಕೋರ್ಟು ಅದನ್ನು ರದ್ದು ಮಾಡಿದ್ದು 2023ರಲ್ಲಿ. ನಮ್ಮ ಕರ್ನಾಟಕವೂ ಹಿಂದೆ ಬೀಳಲಿಲ್ಲವೆಂದು ವಿಷಾದದಿಂದ ಹೇಳಬೇಕಾಗಿದೆ. 2011ರಲ್ಲಿ ಕರ್ನಾಟಕ ಪೋಲೀಸ ಕಾಯದೆಗೆ 36-ಎ ಎಂಬ ಕಲಮನ್ನು ಸೇರಿಸಿ, ನಪುಂಸಕರ ಪಟ್ಟಿಯನ್ನಿಡುವ, ಅವರನ್ನು ನಿಯಂತ್ರಿಸುವ ಅಧಿಕಾರವನ್ನು ಪೋಲೀಸರಿಗೆ ಕೊಟ್ಟರು. ಹಾಯಕೋರ್ಟಿಗೆ ದೂರು ಹೋದ ಮೇಲೆ ಆ ಶಬ್ದವನ್ನು ತೆಗೆದು “ವ್ಯಕ್ತಿ” ಎಂದು ತಿದ್ದಿದರು. ಪಟ್ಟಿಗೆ ಸೇರಿಸುವದಕ್ಕೂ ಪಡೆಗೆ ಸೇರಿಸುವದಕ್ಕೂ ಈ ರಾಜ್ಯದಲ್ಲಿ ಹತ್ತು ವರುಷದ ಅಂತರ.

ಕಾಯದೆಗಳು ಹೀಗಿದ್ದ ಕಾಲದಲ್ಲಿಯೂ ನಮ್ಮ ಊರುಗಳ ಬೀದಿಯ ನಡೆ ಬೇರೆಯಾಗಿತ್ತು. ಸವದತ್ತಿಯ ಎಲ್ಲಮ್ಮನ ಜೋಗಪ್ಪಗಳು ಸೀರೆಯುಟ್ಟು, ಪಡ್ಡಲಗಿ ಹಿಡಿದು, ಚೌಡಿಕೆ ನುಡಿಸುತ್ತ ಬಂದರೆ ಮನೆಯ ಹೆಂಗಸರು ಮೊರದಲ್ಲಿ ಜೋಳ ತಂದು ನೀಡಿ, ಪಡಸಾಲೆಯ ವರೆಗೆ ಕರೆದು, ಭಂಡಾರ ಹಚ್ಚಿಸಿಕೊಳ್ಳುತ್ತಿದ್ದರು. ಅವರನ್ನು ಯಾವ ಕಡೆಗೆ ಕೂಡಿಸಬೇಕೆಂದು ನಮ್ಮ ತಾಯಿಯು ಯಾರನ್ನೂ ಕೇಳಿದ್ದನ್ನು ನಾನು ನೋಡಲಿಲ್ಲ. ಹೆಂಗಸರ ಕಡೆಗೇ ಕೂಡುತ್ತಿದ್ದರು. ಇದರಿಂದ ನಮ್ಮವರು ಬಹಳ ಉದಾರಿಗಳೆಂದು ಹೇಳುವದಿಲ್ಲ. ದೇವಿಯ ಹೆಸರಿನಲ್ಲಿ ಬಂದವರಿಗೆ ಜೋಳ ನೀಡಿದ ಕೈಯೇ, ತನ್ನ ಮನೆಯಲ್ಲಿ ಅಂಥ ಕೂಸು ಹುಟ್ಟಿದರೆ ಹೊಡೆದು ಹೊರಗೆ ಹಾಕುತ್ತಿತ್ತು.

ಈಗ ನಕ್ಕದ್ದು ತಪ್ಪೆಂದ ಕಾರಣವನ್ನು ಹೇಳುವೆನು. ನಾನು ವರ್ಗದಲ್ಲಿ ಸಂಸ್ಕೃತದ ಲಿಂಗವಿಚಾರವನ್ನು ಕಲಿಸುವಾಗ ಪ್ರತಿ ವರುಷವೂ ಒಂದೇ ಉದಾಹರಣೆ ಕೊಡುತ್ತಿದ್ದೆನು: ಹೆಂಡತಿಯೆಂಬ ಅರ್ಥದಲ್ಲಿ ಭಾರ್ಯಾ ಶಬ್ದವು ಸ್ತ್ರೀಲಿಂಗ, ದಾರ ಶಬ್ದವು ಪುಲ್ಲಿಂಗ, ಕಲತ್ರ ಶಬ್ದವು ನಪುಂಸಕಲಿಂಗ, ಶಬ್ದದ ಲಿಂಗವೇ ಬೇರೆ, ಅರ್ಥವೇ ಬೇರೆ. ಹುಡುಗರು ನಗುತ್ತಿದ್ದರು. ಸುಮಾರು ಇಪ್ಪತ್ತು ವರುಷಗಳ ಕೆಳಗೆ ಪರೀಕ್ಷೆಯ ಕೇಂದ್ರವೊಂದರಲ್ಲಿ ನನ್ನ ಕೆಲಸವಿತ್ತು. ನಕಲಿನ ಚೀಟಿಗಳಿಗಾಗಿ ಬಾಗಿಲಲ್ಲಿಯೇ ಝಡತಿ. ಹುಡುಗರ ಸಾಲಿಗೆ ನಾನು, ಹುಡುಗಿಯರ ಸಾಲಿಗೆ ಅಕ್ಕಾವರು. ಹುಡುಗರ ಸಾಲಿನಲ್ಲಿದ್ದ ಒಂದು ಮಗುವು ನನ್ನ ಕೈ ತಾಕಿದೊಡನೆ ಹಿಂದೆ ಸರಿದು, “ಸರ್, ಅಕ್ಕಾರ ಕಡೆ ಹೋಗತೇನ್ರಿ” ಎಂದಿತು. ಸಾಲೆಲ್ಲ ನಕ್ಕಿತು. ನಾನು ಗದರಿಸಿ ಅಂಗಿಯ ಕಿಸೆಗಳನ್ನೂ ಸೊಂಟವನ್ನೂ ಎಲ್ಲರೆದುರಿಗೆ ನೋಡಿದೆನು. ಚೀಟಿ ಸಿಕ್ಕಲಿಲ್ಲ. ಆ ಮಗುವು ಒಳಗೆ ಹೋಗಿ, ಹಾಲ್‌ಟಿಕೀಟನ್ನು ಬೆಂಚಿನ ಮೇಲಿಟ್ಟು, ಪ್ರಶ್ನಪತ್ರಿಕೆ ಹಂಚುವದಕ್ಕೆ ಮುಂಚೆಯೇ ಹಿಂದಿನ ಬಾಗಿಲಿನಿಂದ ಹೊರಟುಹೋಯಿತು. ಮರುದಿನವೂ ಬರಲಿಲ್ಲ. ನಿಯಮದ ಪ್ರಕಾರ ನನ್ನದೇನೂ ತಪ್ಪಿಲ್ಲ. ಹುಡುಗರ ಸಾಲು, ಗಂಡಸು ಮಾಸ್ತರ.

ಬಹಳ ವರುಷಗಳ ನಂತರ ಜಮಖಂಡಿಯ ಬಸ್ಸಿನ ನಿಲ್ದಾಣದಲ್ಲಿ, ಎಲ್ಲಮ್ಮನ ಗುಡ್ಡದಿಂದ ತಿರುಗಿ ಬರುತ್ತಿದ್ದ ಜೋಗಪ್ಪಗಳ ಮೇಳದಲ್ಲಿ ಒಬ್ಬಾಕೆಯು ನನಗೆ ನಮಸ್ಕಾರ ಮಾಡಿ ತನ್ನ ಗುರುತು ಹೇಳಿದಳು. ನನಗೆ ಮಾತೇ ಹೊರಡಲಿಲ್ಲ. ಆ ದಿನದ ಮಾತನ್ನು ಆಕೆಯೇ ತೆಗೆದಳು. “ಅವತ್ತ ಕೇಳಿದ್ರ ಸಾಕಿತ್ತು ಸರ್. ಅಕ್ಕಾರು ಒಲ್ಲೆ ಅಂದಿದ್ರ ಒಳಗ ಕೋಣ್ಯಾಗ ಕರದು ನೀವ ನೋಡಿದ್ರೂ ನಡೀತಿತ್ತು” ಎಂದಳು. ಆಮೇಲೆ ತಾನು ಕಂಡ ಪೋಲೀಸರ ಝಡತಿಗಳನ್ನು ಹೇಳಿ, “ಹುಡಕೋದು ಬ್ಯಾರೆ ಸರ್, ನೋಡೋದು ಬ್ಯಾರೆ. ಅವರು ಹುಡಕಾಕ ಬರೂದಿಲ್ಲ” ಎಂದಳು. ಖೈರಾತಿಯ ಖಟ್ಲೆಯನ್ನು ನಾನು ಓದಿದ್ದು ಆ ಮೇಲೆ.

ಈಚಿನ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುವೆನು. 2014ರ ಏಪ್ರಿಲ 15ರಂದು ಸುಪ್ರೀಮ ಕೋರ್ಟು ತೃತೀಯಲಿಂಗಿಗಳೂ ಸಂವಿಧಾನದ ಹಕ್ಕುಗಳಿಗೆ ಪಾತ್ರರೆಂದು ತೀರ್ಪು ಕೊಟ್ಟಿತು. ಮದ್ರಾಸ ಹಾಯಕೋರ್ಟಿನ 2015ರ ತೀರ್ಪಿನಿಂದ ಕೆ. ಪ್ರಿತಿಕಾ ಯಾಶಿನಿಯವರು ಹಾದಿ ಪಡೆದು, 2017ರಲ್ಲಿ ತಮಿಳುನಾಡಿನ ಪೋಲೀಸ ಸಬ್-ಇನ್‌ಸ್ಪೆಕ್ಟರರಾದರು. ಛತ್ತೀಸಗಡದಲ್ಲಿ 2021ರಲ್ಲಿ 13 ಜನ ಶಿಪಾಯಿಗಳಾದರು. ಹೊಸ ಭಾರತೀಯ ನ್ಯಾಯಸಂಹಿತೆಯು “ಅವನು” ಎಂಬ ಸರ್ವನಾಮದಲ್ಲಿ ಗಂಡು, ಹೆಣ್ಣು, ತೃತೀಯಲಿಂಗಿ ಮೂವರೂ ಸೇರುವರೆಂದು ಹೇಳಿತು. ಆದರೆ ಅದರ ಜೊತೆಯಲ್ಲಿಯೇ ಹುಟ್ಟಿದ ಸುರಕ್ಷಾ ಸಂಹಿತೆಯು ಶೋಧದ ಕಲಮಿನಲ್ಲಿ 1898ರ ಹೆಂಗಸನ್ನು ಬಿಟ್ಟು ಬೇರೆ ಯಾರನ್ನೂ ನೆನೆಯಲಿಲ್ಲ. ಕಾರಾಗೃಹಗಳ ಮಟ್ಟಿಗೆ ಮಾತ್ರ ಕೇಂದ್ರದ ಗೃಹಖಾತೆಯು 2022ರ ಜನೇವರಿಯಲ್ಲಿ ರಾಜ್ಯಗಳಿಗೆ ಸಲಹೆ ಬರೆದು, ತೃತೀಯಲಿಂಗಿ ಕೈದಿಯ ಶೋಧವನ್ನು ಆ ಕೈದಿಯು ಬಯಸಿದ ಲಿಂಗದವರು, ಇಲ್ಲವೆ ತರಬೇತಿಯಾದ ವೈದ್ಯಕದವರು, ಮರೆಯಲ್ಲಿ, ಮಾನ ಕಾದು ಮಾಡಬೇಕೆಂದಿತು. ಅದು ಒಳ್ಳೆಯ ಸಲಹೆ. ಆದರೆ ಜೇಲಿನ ಬಾಗಿಲಿಗೆ ಬರುವದಕ್ಕೆ ಮುಂಚೆ ಠಾಣೆಯುಂಟಲ್ಲ!

ಶೋಧಕ್ಕೆ ಒಳಗಾಗುವವರನ್ನು ಕೇಳುವದೆಂದರೇನು, ಕಳ್ಳನನ್ನು ಕೇಳಿ ಕಳವು ಹುಡುಕುವದೇ ಎಂದು ಪ್ರಾಜ್ಞರು ಹಾಸ್ಯ ಮಾಡಬಹುದು. ಅಂಥವರು 1985ರ ಮಾದಕದ್ರವ್ಯಗಳ ಕಾಯದೆಯ 50ನೆಯ ಕಲಮನ್ನು ನೋಡಬೇಕು. ಅಫೀಮು ಗಾಂಜಾಗಳ ಸಂಶಯದ ಮೇಲೆ ಒಬ್ಬರ ಮೈಯನ್ನು ಶೋಧಿಸುವದಕ್ಕೆ ಮುಂಚೆ, ಮ್ಯಾಜಿಸ್ಟ್ರೇಟರ ಇಲ್ಲವೆ ಗೆಜೆಟೆಡ್ ಅಧಿಕಾರಿಯ ಎದುರಿಗೇ ತನ್ನ ಶೋಧ ನಡೆಯಬೇಕೆಂದು ಕೇಳುವ ಹಕ್ಕು ಅವರಿಗುಂಟು. ಆ ಹಕ್ಕನ್ನು ಅವರಿಗೆ ತಿಳಿಸಲೇಬೇಕೆಂದು ಸುಪ್ರೀಮ ಕೋರ್ಟಿನ ಸಂವಿಧಾನಪೀಠವು 1999ರಲ್ಲಿ ಹೇಳಿ, 2010ರಲ್ಲಿ ಮತ್ತೊಮ್ಮೆ ಗಟ್ಟಿ ಮಾಡಿತು. ಇಷ್ಟು ಕಠೋರವಾದ ಕಾಯದೆಯಲ್ಲಿಯೇ ಕೇಳಿ ಮುಟ್ಟುವ ಪದ್ಧತಿಯು ನಡೆದಿರುವಾಗ, ಠಾಣೆಯ ಸಾಧಾರಣ ಝಡತಿಯಲ್ಲಿ ಅದು ಅಸಾಧ್ಯವೆಂಬದು ಸರಿಯಲ್ಲ.

ಇನ್ನು ವಕೀಲರ ಮೊದಲನೆಯ ಪ್ರಶ್ನೆ: ತೃತೀಯಲಿಂಗಿ ಅಧಿಕಾರಿಯು ಯಾರನ್ನು ಶೋಧಿಸಬೇಕು? ಇದರಲ್ಲಿಯೇ ನಿಜವಾದ ತೊಡಕು. ಇಂಗ್ಲಂಡದಲ್ಲಿ 1984ರ ಪೋಲೀಸ ಕಾಯದೆಯು ಠಾಣೆಯಲ್ಲಿ ಬಂದಿಯ ಶೋಧವನ್ನು ಅದೇ ಲಿಂಗದ ಪೋಲೀಸನು ಮಾಡಬೇಕೆಂದು ಹೇಳಿತು. ಲಿಂಗವೆಂದರೆ ಯಾವದೆಂಬದರ ಮೇಲೆ ಅಲ್ಲಿ ದೊಡ್ಡ ವಾದವೆದ್ದಿತು. ಅಲ್ಲಿಯ ರೈಲ್ವೆಯ ಪೋಲೀಸರು ಲಿಂಗಬದಲಾವಣೆಯ ಸರಕಾರಿ ಪ್ರಮಾಣಪತ್ರವುಳ್ಳವರಿಗೆ ಆ ಹೊಸ ಲಿಂಗದಂತೆ ಶೋಧಿಸಲು ಬಿಟ್ಟಿದ್ದರು. ಸಮಾನತೆಯ ಕಾಯದೆಯಲ್ಲಿ ಹೆಂಗಸೆಂದರೆ ಹುಟ್ಟಿನಿಂದ ಹೆಂಗಸೆಂದು ಆ ದೇಶದ ಸುಪ್ರೀಮ ಕೋರ್ಟು 2025ರ ಏಪ್ರಿಲದಲ್ಲಿ ತೀರ್ಪು ಕೊಟ್ಟ ಕೂಡಲೆ, ಅವರು ತಮ್ಮ ನಿಯಮವನ್ನು ಹುಟ್ಟಿನ ಲಿಂಗದ ಮೇಲೆ ತಿರುಗಿಸಿದರು. ಒಂದು ಪಕ್ಷದವರು ಗೆದ್ದೆವೆಂದರು, ಇನ್ನೊಂದು ಪಕ್ಷದವರು ಅನ್ಯಾಯವೆಂದರು. ಎರಡು ನಿಯಮಗಳೂ ಅಧಿಕಾರಿಯ ಲಿಂಗವನ್ನೇ ಅಳೆಯುತ್ತ ಕುಳಿತವು. ಮೇಜಿನ ಎದುರಿಗೆ ಕೈ ಎತ್ತಿ ನಿಂತವರ ಮಾತಿಗೆ ಮೊದಲನೆಯ ಸ್ಥಾನ ಸಿಕ್ಕಲಿಲ್ಲ.

ನನ್ನ ಅಭಿಪ್ರಾಯವನ್ನು ಕೇಳಿದರೆ, ಬನಹಟ್ಟಿಯ ಆ ಹೊಸ ಸೊಸೆಯನ್ನು ಮರೆತು ಯಾವ ನಿಯಮವನ್ನೂ ಬರೆಯಬಾರದು. ಹಿಡಿದು ತಂದ ಹೆಂಗಸು ತನ್ನನ್ನು ಈ ಅಧಿಕಾರಿಯು ಮುಟ್ಟುವದು ಬೇಡ, ಬೇರೊಬ್ಬ ಹೆಂಗಸು ಬರಲಿ ಎಂದರೆ ಆ ಮಾತನ್ನು ನಡೆಯಿಸಿ ಕೊಡಬೇಕು; ಅಧಿಕಾರಿಯು ಹುಟ್ಟಿನಿಂದ ಹೆಂಗಸಾಗಿದ್ದರೂ ಹಾಗೆಯೇ. ಹಾಗೆಯೇ ಹಿಡಿದು ತಂದ ಜೋಗಪ್ಪನು ಹೆಂಗಸರ ಕೈಯನ್ನು ಬೇಡಿದರೆ, ಇಲ್ಲವೆ ತನ್ನಂಥವರೇ ಖಾಕಿಯಲ್ಲಿದ್ದಾರೆಂದು ಅವರನ್ನು ಬೇಡಿದರೆ, ಅದನ್ನೂ ನಡೆಯಿಸಬೇಕು. ಶೋಧಿಸಬೇಕಾದ ಹೆಂಗಸು ಪೋಲೀಸಳು ತಾನೊಲ್ಲೆನೆಂದರೆ ಅವಳನ್ನೂ ಒತ್ತಾಯಿಸಬಾರದು. ಆಗ ವೈದ್ಯಕದವರನ್ನು ಕರೆಯಬೇಕು. ಕೇಳಿದ್ದನ್ನೂ ಉತ್ತರವನ್ನೂ ಪಂಚನಾಮೆಯಲ್ಲಿ ಬರೆಯಬೇಕು. ಕೈಯಲ್ಲಿ ಕತ್ತಿಯೋ ಸ್ಫೋಟಕವೋ ಇರುವ ಸಂಶಯವಿದ್ದು ಕ್ಷಣವೂ ತಡೆಯಲಾಗದ ಪ್ರಸಂಗದ ಮಾತು ಬೇರೆ. ಅಂಥ ಪ್ರಸಂಗಗಳು ಎಷ್ಟೆಂಬದು ಠಾಣೆಯವರಿಗೇ ಗೊತ್ತು.

ಈ ಲೇಖನದ ಕರಡನ್ನು ವಕೀಲರಿಗೆ ಓದಿ ತೋರಿಸಿದೆನು. ಅವರು ಈ ಸಲ ನಗಲಿಲ್ಲ. “ಕಷ್ಟಪಟ್ಟು ಪರೀಕ್ಷೆ ಕೊಟ್ಟು, ಓಟ ಓಡಿ, ಖಾಕಿ ತೊಟ್ಟವರನ್ನು ಠಾಣೆಗೆ ಬಂದವಳೊಬ್ಬಳು ನೀನು ಬೇಡವೆಂದರೆ ಅದು ಅವರಿಗೆ ಅವಮಾನವಲ್ಲವೇ ಮಾಸ್ತರರೇ? ದಿನಾಲು ಹತ್ತು ಜನ ಹಾಗೆ ಅಂದರೆ ಆ ನೌಕರಿಗೆ ಏನು ಅರ್ಥ?” ಎಂದರು. ಅವಮಾನವೇ ಸರಿಯೆಂದು ಒಪ್ಪಿದೆನು. ಆದರೆ ಝಡತಿಯೊಂದೇ ಪೋಲೀಸರ ಕೆಲಸವಲ್ಲವೆಂದೆನು. ಅವರು ಅದನ್ನು ಒಪ್ಪಲಿಲ್ಲ, ಕೆಲಸವನ್ನು ಹೀಗೆ ಕತ್ತರಿಸುತ್ತ ಹೋದರೆ ಕೊನೆಗೆ ಟಪಾಲು ಬರೆಯಲಿಕ್ಕೆ ಕೂಡಿಸುವರೆಂದರು. ಅದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ಮುಂದಿನ ಕೂಟಕ್ಕೆ ಅವರು 1999ರ ತೀರ್ಪನ್ನು ತರುವೆನೆಂದಿದ್ದಾರೆ. ನಾನು ಅಮರಕೋಶವನ್ನು ಮನೆಯಲ್ಲಿಯೇ ಬಿಟ್ಟು ಹೋಗುವೆನು.